ಬಾಗಿನದ ಕಾಲುವೆ

ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಅದು. ಎರಡನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ರೇಷ್ಮೆಹುಳ ಬೆಳಗಾಗುತ್ತಲೇ ತಲೆ ಎತ್ತಿ ಕಾಯುತ್ತಿರುತ್ತದೆ. ಸ್ವಲ್ಪ ತಡವಾದರೂ ತಟ್ಟೆಯ ಅಂಚಿಗೆಲ್ಲ ಹರಿದಾಡಲು ಶುರುಮಾಡುತ್ತದೆ. ಅಕ್ಕಯಮ್ಮ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಪ್ಪುನೇರಳೆ ಸೊಪ್ಪನ್ನು ಮಣೆಯ ಮೇಲೆ ಒತ್ತಿ ಹಿಡಿದು ಸರಸರನೆ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಮಗಳು ಅಂಜಿನಿ ಕಡ್ಡಿ ಆರಿಸಿ ಬೇರೆ ಹಾಕುತ್ತಿದ್ದಳು. ಆರು ವರ್ಷದ ಹುಡುಗಿ. ಆರಿಸಿದ್ದಕ್ಕಿಂತ ಹುಳಗಳ ಜೊತೆ ಮಾತಾಡಿದ್ದೇ ಹೆಚ್ಚು.

ಅಷ್ಟರಲ್ಲಿ ಹಿತ್ತಲಾಚೆ ಸರಪಳಿ ಎಳೆಯುವ ಸದ್ದು ಕೇಳಿಸಿತು. ಖಾಕಿ ಹಾಕಿದ ಇಬ್ಬರು ಆಳುಗಳು ನೆಲ ಅಳೆಯುತ್ತಾ ಬಂದರು. ಅವರ ಹಿಂದೆ ಎಳೆ ಮೀಸೆಯ ಒಬ್ಬ ಆಫೀಸರು, ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿ. ಅವನು ಬಂದು ನಿಂತದ್ದು ಹಿತ್ತಲ ಮಗ್ಗುಲಲ್ಲೇ ಹರಿಯುವ ಕಾಲುವೆಯ ದಂಡೆಯ ಮೇಲೆ.

"ಇಂದ ಕಾಲ್ವಾಯ್ ಉಂಗಳುದಾಮ್ಮಾ, ಅವಂಗಳುದಾ?" ಎಂದು ತಮಿಳಿನಲ್ಲಿ ಕೇಳಿದ. ಈ ಕಾಲುವೆ ನಿಮ್ಮದೋ ಅವರದೋ ಎನ್ನುವಾಗ ಅವನ ಬೆರಳು ಬಡಗಣ ದಿಕ್ಕಿನ ಗಡಿಕಲ್ಲಿನ ಕಡೆ ತಿರುಗಿತು.

ಅಕ್ಕಯಮ್ಮ ಕತ್ತಿ ಕೆಳಗಿಡಲಿಲ್ಲ. ಹುಳ ಹಸಿದಿತ್ತು. "ನಮ್ದಲ್ಲ ಸಾಮಿ, ಮೇಲಿನ ಊರೋರ್ದು," ಎಂದು ತನಗೆ ಬರುವ ತಮಿಳಿನಲ್ಲಿ ಹೇಳಿದಳು.

"ನಿಮಗೇನೂ ಇಲ್ಲವಾ ಇದರಲ್ಲಿ?"

"ಹರಿದು ಬಂದಷ್ಟು," ಎಂದು ನಕ್ಕಳು.

ಆಫೀಸರೂ ನಕ್ಕ. ಆಳುಗಳು ಸರಪಳಿ ಎತ್ತಿಕೊಂಡರು. ಅಂಜಿನಿ ಅಮ್ಮನ ಸೆರಗು ಜಗ್ಗಿ ಏನೋ ಹೇಳಹೊರಟಳು. "ಆಮ್ಯಾಕೆ ಕಣವ್ವ, ಹುಳ ಸಾಯ್ತದೆ," ಎಂದು ಅಕ್ಕಯಮ್ಮ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಎಪ್ಪತ್ತೆಂಟನೇ ಇಸವಿಯ ಮಾತು ಇದು. ಹೊಸೂರಿನ ಸುತ್ತ ಒಂದೊಂದೇ ಫ್ಯಾಕ್ಟರಿ ಗೋಡೆ ಏಳುತ್ತಿದ್ದ ಕಾಲ.

ಅವಳು ಕೊಟ್ಟ ಉತ್ತರದಲ್ಲಿ ಸುಳ್ಳಿರಲಿಲ್ಲ. ಹೊಂಗೇದೊಡ್ಡಿಯ ಯಾವ ಹೆಂಗಸನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು.

ಹೊಂಗೇದೊಡ್ಡಿ ಬಾಗಲೂರಿನಿಂದಾಚೆ, ತಮಿಳು ಸೀಮೆಯೊಳಗೆ, ಗಡಿಗೆ ಅಂಟಿಕೊಂಡ ಊರು. ಎರಡು ಹೊಲ ದಾಟಿದರೆ ಗಡಿಕಲ್ಲು, ಕಲ್ಲಿನಾಚೆ ಕರ್ನಾಟಕ. ಅಲ್ಲಿ ಏರಿನ ಮೇಲೆ ಬಿದರುಸಂದ್ರ, ಅಕ್ಕಯಮ್ಮನ ತವರು. ಬಿದರುಸಂದ್ರದ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಈ ಕಾಲುವೆಯಲ್ಲಿ ಇಳಿದು ಹೊಂಗೇದೊಡ್ಡಿಯ ಕೆರೆ ಸೇರುತ್ತದೆ. ಹೊಂಗೇದೊಡ್ಡಿಗೆ ಬೇರೆ ನೀರಿಲ್ಲ. ಗದ್ದೆ, ಹಿಪ್ಪುನೇರಳೆ ತೋಟ, ಊರ ಬಾವಿಯ ಊಟೆ, ಎಲ್ಲವೂ ಆ ಕೆರೆಯ ಮೇಲೆಯೇ.

ಎರಡೂ ಊರಿಗೆ ಕೊಟ್ಟು ತಂದ ನಂಟು. ಮೇಲಿನ ಊರಿನ ಹೆಣ್ಣು ಕೆಳಗಿನ ಊರಿಗೆ ಬರುವುದು ಯಾರ ಕಾಲದಿಂದ ನಡೆದು ಬಂತೋ ಯಾರಿಗೂ ಗೊತ್ತಿಲ್ಲ. ಮುಂಗಾರಿನ ಮೊದಲ ಹದಮಳೆಯಾದ ಮೇಲೆ ಬರುವ ಸೋಮವಾರ, ಕೆಳಗಿನ ಊರಿನ ಸೊಸೆಯರೆಲ್ಲ ಮೊರ ಹಿಡಿದು ಗಡಿಕಲ್ಲಿನ ಹತ್ತಿರ ಹೋಗುತ್ತಾರೆ. ಅವರ ಅಣ್ಣತಮ್ಮಂದಿರು ಮೇಲಿನಿಂದ ಗುದ್ದಲಿ ಹಿಡಿದು ಬರುತ್ತಾರೆ. ಕಾಲುವೆಗೆ ಬಿದ್ದ ಮಣ್ಣನ್ನು ಗಂಡಸರು ತೆಗೆಯುತ್ತಾರೆ, ಹೆಂಗಸರು ಹೊತ್ತು ಹಾಕುತ್ತಾರೆ. ಆಮೇಲೆ ಅಕ್ಕತಂಗಿಯರು ಮಡಿಲೊಡ್ಡಿ ನಿಲ್ಲಬೇಕು. ತಮ್ಮ ಬಂದು ಅಕ್ಕಿ, ಬೆಲ್ಲ, ಕಾಯಿ ಹಾಕಿ, ಮುತ್ತುಗದ ಎಲೆಯಲ್ಲಿ ಒಂದಿಷ್ಟು ಕೆರೆಯ ನೀರು ತಂದು ಅಕ್ಕನ ಕೈಗೆ ಕೊಡಬೇಕು. ಕಾಲುವೆಯನ್ನು ಬಾಗಿನ ಕೊಡುವುದು ಎಂದೇ ಅದಕ್ಕೆ ಹೆಸರು.

ಬಾಗಿನ ಕೊಟ್ಟವರು ಅದನ್ನು ತಮ್ಮದು ಅನ್ನುವ ಹಾಗಿಲ್ಲ. ಪಡೆದವರೂ ನಮ್ಮದು ಅನ್ನಬಾರದು. ತವರಿನಿಂದ ಬಂದದ್ದನ್ನು ಹೆಣ್ಣುಮಗಳು ನಮ್ಮದು ಅಂದರೆ ಪಾಲು ಕೇಳಿದಂತೆ. ಪಾಲು ಕೇಳಿದ ಮೇಲೆ ತವರಿನ ಹೊಸ್ತಿಲು ದಾಟಿದವರು ಯಾರೂ ಇಲ್ಲ. ಅದಕ್ಕೇ ಮೇಲಿನವರು "ಹೆಣ್ಮಕ್ಕಳದು" ಅನ್ನುತ್ತಿದ್ದರು, ಕೆಳಗಿನವರು "ತವರಿನೋರ್ದು" ಅನ್ನುತ್ತಿದ್ದರು, ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

ಆ ವರ್ಷದ ಬಾಗಿನಕ್ಕೆ ಅಕ್ಕಯಮ್ಮನ ತಮ್ಮ ಕದಿರಪ್ಪ ನಗುತ್ತಲೇ ಬಂದ. "ನಮ್ಮೂರ್ಗೂ ಬಂದಿದ್ರು ಕಣಕ್ಕ, ನಮ್ಮ ಕಡೆ ಆಫೀಸ್ನೋರು. ಕಾಲುವೆ ನಿಮ್ದಾ ಅಂದ್ರು. ನಮ್ದೆಲ್ಲಿಂದ ಬಂತು, ಕೊಟ್ಟು ತಲೆಮಾರಾಯ್ತು, ಹೆಣ್ಮಕ್ಕಳದು ಅಂದೆ."

"ಒಳ್ಳೆ ಮಾತು ಆಡಿದೀಯ ಕಣ್ಲಾ," ಅಂದಳು ಅಕ್ಕಯಮ್ಮನ ಅತ್ತೆ ಮುನಿವೆಂಕಟಮ್ಮ. ಅವಳೂ ಒಂದು ಕಾಲಕ್ಕೆ ಬಿದರುಸಂದ್ರದಿಂದ ಬಂದವಳೇ. ಕರ್ನಾಟಕ ಅನ್ನುವುದು ಅವಳ ಬಾಯಿಗೆ ಇನ್ನೂ ಬಂದಿರಲಿಲ್ಲ, ಮೈಸೂರು ಸೀಮೆ ಎಂದೇ ಅನ್ನುತ್ತಿದ್ದಳು. "ನನ್ನ ಸೊಸೇನೂ ಅಂಗೇ ಹೇಳವ್ಳೆ. ಮರ್ಯಾದೆ ಅಂದ್ರೆ ಇದು."

ಅಂಜಿನಿ ಮಾವನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಅಮ್ಮ, ಅಂಗಾದ್ರೆ..." ಎಂದು ಶುರುಮಾಡಿದಳು.

"ಬಾಗಿನದ ಹೊತ್ನಾಗೆ ಮಕ್ಕಳು ಬಾಯಿ ಹಾಕ್ಬಾರ್ದು," ಎಂದು ಅಜ್ಜಿ ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟಳು. ಮಾತು ಬೆಲ್ಲದ ಜೊತೆ ಒಳಗೆ ಹೋಯಿತು.

ಮೂರು ವರ್ಷ ಹಾಗೇ ಕಳೆಯಿತು. ಅಕ್ಕಯಮ್ಮನ ಗಂಡ ಪಾಪಣ್ಣನಿಗೆ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು. ಬೆಳಗ್ಗೆ ಕತ್ತಲಿದ್ದ ಹಾಗೇ ಮುದ್ದೆ ಕಟ್ಟಿಕೊಂಡು ಸೈಕಲ್ ಹತ್ತುತ್ತಿದ್ದ. ಹೊಸ ರಸ್ತೆಯ ಸುದ್ದಿ ತಂದವನೂ ಅವನೇ. ಫ್ಯಾಕ್ಟರಿಗಳ ಹತ್ತಿರದಿಂದ ಹೊರಟು, ಅವರ ಊರಿನ ಪಕ್ಕದಲ್ಲೇ ಗಡಿ ಹಿಡಿದುಕೊಂಡು ಹೋಗಿ ಆಚೆ ಸೀಮೆಯ ರಸ್ತೆಗೆ ಕೂಡುತ್ತದಂತೆ. ಎರಡೂ ಸರ್ಕಾರ ಒಪ್ಪಿ ಮಾಡಿರುವುದಂತೆ. "ಇನ್ನ ಇಪ್ಪತ್ತು ವರ್ಸಕ್ಕೆ ಇಲ್ಲಿ ಏನೇನು ಬತ್ತದೆ ಅಂತ ಈಗ್ಲೇ ಬರೆದು ಇಟ್ಟವ್ರಂತೆ ಕಣೇ," ಎಂದು ಖುಷಿಯಾಗಿ ಹೇಳಿದ. "ರಸ್ತೆ ಆದ್ರೆ ನಂಗೆ ಅರ್ಧ ಗಂಟೆ ಉಳೀತದೆ."

ಆ ಅರ್ಧ ಗಂಟೆ ಅಕ್ಕಯಮ್ಮನಿಗೂ ಬೇಕಿತ್ತು. ಗಂಡ ಇನ್ನಷ್ಟು ಹೊತ್ತು ಮಲಗಲಿ ಅಂತ ಅವಳಿಗೂ ಆಸೆ. ಹಾಗಾಗಿ ಕೆಂಪು ಮಣ್ಣಿನ ಲಾರಿಗಳು ಬಂದಾಗ ಅವಳು ಮೇಸ್ತ್ರಿಗೆ ಮಜ್ಜಿಗೆ ಕೊಟ್ಟಳು. ಮಣ್ಣಿನ ಏರಿ ದಿನದಿನಕ್ಕೂ ಬೆಳೆಯುತ್ತಾ ಬಂತು. ಒಂದು ಸಂಜೆ ಹುಲ್ಲು ತರಲು ಹೋದವಳು ನೋಡಿದಳು: ಏರಿ ನೆಟ್ಟಗೆ ಕಾಲುವೆಯ ಮೇಲೆ ಬರುತ್ತಿದೆ. ಸುಣ್ಣದ ಗೆರೆ ಕಾಲುವೆಯ ಈ ದಂಡೆಯಿಂದ ಆ ದಂಡೆಗೆ ಏನೂ ಇಲ್ಲದ ಹಾಗೆ ದಾಟಿಹೋಗಿದೆ.

"ಮೋರಿ ಎಲ್ಲಿ ಇಡ್ತೀರಪ್ಪ?" ಎಂದು ಮೇಸ್ತ್ರಿಯನ್ನು ಕೇಳಿದಳು.

"ಯಾವ ಮೋರಿ ತಾಯಿ?"

"ಕಾಲುವೆ ನೀರು ಹೋಗಬೇಕಲ್ಲ."

ಮೇಸ್ತ್ರಿ ಒಣಗಿದ ಕಾಲುವೆಯನ್ನು ನೋಡಿ, ಅವಳನ್ನು ನೋಡಿದ. "ಡ್ರಾಯಿಂಗ್‌ನಾಗೆ ಇಲ್ಲಮ್ಮ. ಅದ್ರಾಗೆ ಇರೋದಷ್ಟೇ ನಾನು ಮಾಡೋದು."

ಮಾರನೆಯ ದಿನ ಹುಳಕ್ಕೆ ಸೊಪ್ಪು ಹಾಕಿ, ಮುಸುರೆ ತಿಕ್ಕಿಟ್ಟು, ಅಂಜಿನಿಯನ್ನು ಒಂದು ದಿನ ಶಾಲೆ ತಪ್ಪಿಸಿ ಕರೆದುಕೊಂಡು ಅಕ್ಕಯಮ್ಮ ಹೊಸೂರಿಗೆ ಬಸ್ಸು ಹತ್ತಿದಳು. ಅವಳಿಗೆ ಓದಲು ಬರುವುದು ಕನ್ನಡ, ಅದೂ ಬಿದರುಸಂದ್ರದಲ್ಲಿ ನಾಲ್ಕನೇ ಕ್ಲಾಸಿನ ತನಕ. ಅಂಜಿನಿ ಓದುತ್ತಿದ್ದದ್ದು ತಮಿಳು ಶಾಲೆಯಲ್ಲಿ. ಹೊಸೂರಿನ ಕಚೇರಿಗಳ ಬೋರ್ಡು ಓದಲು ಮಗಳೇ ಬೇಕು.

ಕಚೇರಿಯಲ್ಲಿ ಇದ್ದದ್ದು ಅದೇ ಆಫೀಸರು. ಎಳೆ ಮೀಸೆ ಈಗ ದಪ್ಪವಾಗಿತ್ತು, ಕನ್ನಡಕ ಬಂದಿತ್ತು. ಒಳ್ಳೆಯವನೇ. ಅಂಜಿನಿಗೆ ಕುರ್ಚಿ ಎಳೆದುಕೊಟ್ಟ, ನೀರು ತರಿಸಿದ. ಮೇಜಿನ ತುಂಬ ಒಂದು ನಕ್ಷೆ ಬಿಡಿಸಿ ತೋರಿಸಿದ. ಇಪ್ಪತ್ತು ವರ್ಷದ ಯೋಜನೆ. ಇಲ್ಲಿ ಫ್ಯಾಕ್ಟರಿ, ಇಲ್ಲಿ ಕೆಲಸಗಾರರ ಮನೆ, ಇಲ್ಲಿ ಆಸ್ಪತ್ರೆ, ಇಲ್ಲಿ ಮರ ನೆಡುವ ಜಾಗ. ಅಂಜಿನಿ ತಮಿಳಿನಲ್ಲಿ ಬರೆದದ್ದನ್ನು ಒಂದೊಂದಾಗಿ ಓದಿ ಅಮ್ಮನಿಗೆ ಹೇಳಿದಳು. ತನ್ನ ಊರಿನ ಹೆಸರು ಸಿಕ್ಕಾಗ ಅವಳಿಗೆ ಬಲು ಸಂತೋಷವಾಯಿತು. ಕೆರೆ ನೀಲಿ ಬಣ್ಣದಲ್ಲಿ ಇತ್ತು. ಕೆರೆಯಿಂದ ಮೇಲಕ್ಕೆ ಬೆರಳು ಸರಿಸಿದಳು. ಕಾಲುವೆ ಇರಲಿಲ್ಲ. ಇನ್ನೂ ಸ್ವಲ್ಪ ಮೇಲೆ ಹೋದರೆ ಗಡಿಯ ಗೆರೆ, ಗೆರೆಯಾಚೆ ಬರೀ ಬಿಳಿ ಕಾಗದ.

"ಸಾರ್, ಕಾಲುವೆ?" ಅಂದಳು ಅಕ್ಕಯಮ್ಮ.

"ಜಾಗಕ್ಕೇ ಬಂದು ವಿಚಾರಿಸಿದ್ದೆನಮ್ಮ. ಊರಿನವರೇ ನಮ್ಮದಲ್ಲ, ಆಚೆಯವರದು ಅಂದರು. ಆಚೆಯದನ್ನು ನಾನು ಬರೆಯುವ ಹಾಗಿಲ್ಲ."

ಯಾರು ಹೇಳಿದ್ದು ಅಂತ ಅವನಿಗೆ ನೆನಪಿರಲಿಲ್ಲ. ಅಕ್ಕಯಮ್ಮನಿಗೆ ಸೊಪ್ಪಿನ ವಾಸನೆ ಕೂಡ ನೆನಪಾಯಿತು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

ಅವನು ಕಪಾಟಿನಿಂದ ಇನ್ನೊಂದು ಸುರುಳಿ ತಂದ. ಆಚೆ ರಾಜ್ಯದವರ ನಕ್ಷೆಯಂತೆ. ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಇಟ್ಟ. ಅವರದು ಬೇರೆ ಅಳತೆಯಲ್ಲಿ ಬರೆದದ್ದು. ಬಿದರುಸಂದ್ರ ಒಂದು ಹೆಸರುಕಾಳಿನಷ್ಟಿತ್ತು. ಅದರ ಕೆಳಗೆ ಕನ್ನಡ ಅಕ್ಷರ ಕಂಡು ಅಕ್ಕಯಮ್ಮನೇ ಓದಿದಳು. ಅಲ್ಲಿ ಕೆರೆ ಇತ್ತು, ಕೋಡಿ ಇತ್ತು, ಕಾಲುವೆ ಇರಲಿಲ್ಲ. ಗಡಿಯ ಗೆರೆಯ ಕೆಳಗೆ ಅವರದೂ ಬರೀ ಬಿಳಿ. ರಸ್ತೆ ಒಂದೇ ಎರಡು ಕಾಗದವನ್ನೂ ದಾಟಿಕೊಂಡು ಹೋಗಿತ್ತು.

"ನೋಡಿ, ಅವರೂ ಹೀಗೇ ಕೇಳಿದ್ದಾರೆ. ಅಲ್ಲಿಯವರೂ ನಮ್ಮದಲ್ಲ ಅಂದಿದ್ದಾರೆ." ಅವನಿಗೂ ಬೇಸರವಾದಂತಿತ್ತು. "ಇದೆಲ್ಲ ಒಂದೇ ಸೀಮೆ ಅಂತ ತಿಳಿದು ಯೋಜನೆ ಮಾಡಬೇಕು ಅಂತ ಎರಡೂ ಕಡೆಯವರು ಕಮಿಟಿ ಮಾಡಿದ್ದಾರಮ್ಮ. ಕಮಿಟಿ ಕೂರುವುದು ಯಾವಾಗಲೋ. ಅಷ್ಟರಲ್ಲಿ ಒಂದು ಕೆಲಸ ಮಾಡಬಹುದು. ಆ ಕಡೆಯ ಇಂಜಿನಿಯರನ್ನು ಕರೆಸಿ ಜಾಗ ತೋರಿಸುತ್ತೇನೆ. ಯಾರಾದರೂ ಒಂದು ಕಡೆಯವರು ಇದು ನಮ್ಮದು ಅಂತ ಬಾಯಿ ಬಿಟ್ಟು ಹೇಳಿದರೆ ಸಾಕು, ಮೋರಿ ಸೇರಿಸಬಹುದು. ಅವರೇ ಹೇಳಿದರೆ ಒಳ್ಳೆಯದು, ನೀರು ಹುಟ್ಟುವುದು ಅವರಲ್ಲಿ. ಎರಡೂ ಊರಿನವರು ಒಟ್ಟಿಗೆ ಸಿಗುವುದು ಯಾವತ್ತು?"

"ಬಾಗಿನದ ಸೋಮವಾರ," ಅಂದಳು ಅಕ್ಕಯಮ್ಮ, ತಕ್ಷಣ. ಆ ದಿನ ಎರಡೂ ಊರು ಕಾಲುವೆಯ ಹತ್ತಿರವೇ ಇರುತ್ತವೆ. ಕಣ್ಣಾರೆ ಕಂಡರೆ ಆಫೀಸರುಗಳಿಗೆ ಎಲ್ಲ ಅರ್ಥವಾಗುತ್ತದೆ. ಅವಳಿಗೆ ತೋಚಿದ್ದು ಅಷ್ಟು. ಆಫೀಸರು ಬರೆದುಕೊಂಡ.

ಅಂಜಿನಿ ಎರಡು ಕಾಗದ ಕೂಡಿದ ಅಂಚಿನ ಮೇಲೆ ಬೆರಳಿಟ್ಟು ನಿಂತಿದ್ದಳು. "ಎನ್ನಮ್ಮಾ, ಏನು ಕೇಳಬೇಕು?" ಎಂದು ಆಫೀಸರು ಮೆಲ್ಲಗೆ ಕೇಳಿದ. ಅವಳು ಅಮ್ಮನ ಸೆರಗಿನ ಹಿಂದೆ ಸರಿದುಬಿಟ್ಟಳು. ಶಾಲೆಯಲ್ಲೂ ಅವಳು ಹೀಗೇ ಅಂತ ಟೀಚರು ಹೇಳಿದ್ದುಂಟು. ಮನೆಯ ಮಾತು ಒಂದು, ಶಾಲೆಯ ಮಾತು ಒಂದು. ಯಾವುದರಲ್ಲಿ ಕೇಳಬೇಕು ಅಂತ ಯೋಚಿಸುವಷ್ಟರಲ್ಲಿ ಕೇಳುವ ಹೊತ್ತೇ ಮುಗಿದಿರುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಪಾಪಣ್ಣ ಹೇಳಿದ: "ನೀನೇ ನಮ್ದು ಅಂದ್ಬುಡು. ಏನಾಯ್ತದೆ?"

"ಕದಿರನ ಮುಂದೆ ನಿಂತ್ಕೊಂಡು ಅಂಗನ್ಲಾ? ಪಾಲು ಕೇಳ್ದಂಗಾಗಕಿಲ್ವಾ? ನಮ್ಮವ್ವ ಹೋದ್ಮೇಲೆ ನಂಗೆ ತವರು ಅಂತ ಉಳಿದಿರಾದು ಅವನೊಬ್ಬನೇ."

"ಅಂಗಾದ್ರೆ ಅವನ ಕೈಲೇ ಹೇಳ್ಸು."

ಅದಕ್ಕಾಗಿಯೇ ಅವಳು ಒಂದು ಮಧ್ಯಾಹ್ನ ಗಡಿಕಲ್ಲು ದಾಟಿ ಬಿದರುಸಂದ್ರಕ್ಕೆ ಹೋದಳು. ಕದಿರಪ್ಪ ಎತ್ತಿನ ಮೈ ತೊಳೆಯುತ್ತಿದ್ದ.

"ಏನಕ್ಕ, ಬಾಗಿನಕ್ಕೆ ಮುಂಚೇನೇ ಬಂದ್ಬುಟ್ಟೆ? ಭಾವ ಹೊಡುದ್ನಾ?"

"ನಿಮ್ಮ ಭಾವ ಹೊಡೆಯೋ ಗಂಡಸಾಗಿದ್ರೆ ನಾನು ಇಷ್ಟು ದಪ್ಪ ಆಗ್ತಿದ್ನಾ," ಎಂದು ಅವಳೂ ನಕ್ಕಳು. ಆಮೇಲೆ ಎಲ್ಲ ಹೇಳಿದಳು. "ಒಂದೇ ಒಂದ್ ಕಿತ ಅಂದ್ಬುಡ್ಲಾ ಕದಿರ. ಕಾಲುವೆ ನಮ್ದು ಅಂತ. ಮೋರಿ ಬಿದ್ಮೇಲೆ ನೀನು ಏನಾರ ಅನ್ಕೋ."

ಕದಿರಪ್ಪ ಎತ್ತಿನ ಬೆನ್ನ ಮೇಲೆ ಕೈ ಇಟ್ಟ. "ಕೊಟ್ಟಿದ್ದನ್ನ ನಂದು ಅನ್ನಾದು ಹೆಂಗಕ್ಕ?" ಎಂದ. ಅವಳ ಮುಖ ನೋಡಿ, "ಆಯ್ತು ಬುಡು, ಅಂತೀನಿ. ನಿಂಗೋಸ್ಕರ," ಎಂದ.

ಅಕ್ಕಯಮ್ಮ ಹಗುರವಾಗಿ ಮನೆಗೆ ಬಂದಳು. ಅವತ್ತು ರಾತ್ರಿ ಅಂಜಿನಿಗೆ ತಲೆ ಬಾಚಿ ಎರಡು ಜಡೆ ಹಾಕಿದಳು.

ಬಾಗಿನದ ಸೋಮವಾರ ಬಂತು. ಏರಿ ಕಾಲುವೆಯ ದಂಡೆ ಮುಟ್ಟಿ ನಿಂತಿತ್ತು; ಆಫೀಸರು ಹೇಳಿ ಕಳಿಸಿದ್ದರಿಂದ ಮೇಸ್ತ್ರಿ ಆ ದಿನ ರೋಲರ್ ನಿಲ್ಲಿಸಿದ್ದ. ಜೀಪುಗಳು ಹತ್ತು ಗಂಟೆಗೆ ಬರಬೇಕಿತ್ತು, ಬರಲಿಲ್ಲ. ಬಿಸಿಲೇರಿತು. ಮಣ್ಣು ತೆಗೆದದ್ದಾಗಿತ್ತು, ಗಂಡಸರು ಕಾದು ಬೇಸತ್ತರು. "ಅವರು ಬಂದಾಗ ಬರ್ಲಿ, ಬಾಗಿನ ನಿಲ್ಲಕಿಲ್ಲ," ಎಂದಳು ಮುನಿವೆಂಕಟಮ್ಮ. ಸೊಸೆಯರು ಸಾಲಾಗಿ ಮಡಿಲೊಡ್ಡಿದರು. ಕದಿರಪ್ಪ ಅಕ್ಕನ ಮಡಿಲಿಗೆ ಅಕ್ಕಿ ಸುರಿದ, ಬೆಲ್ಲ ಇಟ್ಟ, ಕಾಯಿ ಇಟ್ಟ. ಮುತ್ತುಗದ ಎಲೆಯ ನೀರನ್ನು ಚೆಲ್ಲದ ಹಾಗೆ ಅವಳ ಅಂಗೈಗೆ ಇಳಿಸಿದ. "ನಿಮ್ದು ಕಣಕ್ಕ, ತಗೊಂಡೋಗಿ," ಎಂದ, ಪ್ರತಿ ವರ್ಷದಂತೆ.

ಅಷ್ಟರಲ್ಲಿ ಎರಡು ಜೀಪು ಎರಡು ದಿಕ್ಕಿನಿಂದ ಬಂದು ಎದುರುಬದುರು ನಿಂತವು. ಕನ್ನಡಕದ ಆಫೀಸರು ಒಂದರಿಂದ ಇಳಿದ. ಇನ್ನೊಂದರಿಂದ ಆಚೆ ಕಡೆಯ ಇಂಜಿನಿಯರು ಇಳಿದರು, ನರೆತ ತಲೆಯ ನಿಧಾನದ ಮನುಷ್ಯ. ಇಬ್ಬರೂ ಕೈ ಕುಲುಕಿ, ಎರಡು ನಕ್ಷೆಯನ್ನೂ ಜೀಪಿನ ಬಾನೆಟ್ ಮೇಲೆ ಹಾಸಿ, ಹಾರದಂತೆ ಕಲ್ಲಿಟ್ಟು, ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಆಮೇಲೆ ಇಂಜಿನಿಯರು ಪೆನ್ನಿನ ಮುಚ್ಚಳ ತೆಗೆದು ಕದಿರಪ್ಪನ ಕಡೆ ತಿರುಗಿದರು.

"ಏನಪ್ಪ, ಕಾಲುವೆ ನಿಮ್ಮೂರದೇ ತಾನೆ? ನಿಮ್ಮೂರ ಕೋಡಿ ನೀರು ಹೋಗೋ ಚರಂಡಿ ಅಂತ ಬರ್ಕೋತೀನಿ. ನಮ್ಮ ಲೆಕ್ಕದಲ್ಲೇ ಮೋರಿ ಹಾಕಿಸಬಹುದು. ಹೂಂ ಅನ್ನು ಸಾಕು."

ಎಲ್ಲರೂ ಕದಿರಪ್ಪನನ್ನು ನೋಡಿದರು. ಅವನ ಕೈಯಲ್ಲಿ ಇನ್ನೂ ಒದ್ದೆ ಎಲೆ ಇತ್ತು. ಹಿಂದೆ ಬಿದರುಸಂದ್ರದ ಹಿರಿಯರು, ಮುಂದೆ ಮಡಿಲು ತುಂಬಿಕೊಂಡು ನಿಂತ ಹೆಣ್ಣುಮಕ್ಕಳು. ಅಕ್ಕಯಮ್ಮ ಕಣ್ಣಿನಲ್ಲೇ ಅಂದಳು, ಅನ್ನಪ್ಪ, ಅಂದ್ಬುಡು.

ಅವನು ಎಲೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಈಗ ತಾನೆ ಮಡ್ಲಿಗೆ ಹಾಕಿವ್ನಿ ಸಾಮಿ," ಎಂದ ಕೊನೆಗೆ. "ನೀರು ಕೈಗೆ ಬುಟ್ಟಿವ್ನಿ. ಇನ್ನ ನಮ್ದು ಅಂತ ಹೆಂಗನ್ಲಿ? ಹೆಣ್ಮಕ್ಕಳದು."

ಹಿರಿಯರು ತಲೆದೂಗಿದರು. ಅಕ್ಕಯಮ್ಮನಿಗೆ ಆಗ ತಿಳಿಯಿತು ತಾನು ಮಾಡಿದ್ದೇನು ಅಂತ. ವರ್ಷದಲ್ಲಿ ಬೇರೆ ಯಾವ ದಿನವಾಗಿದ್ದರೂ ಅವನು ಅಂದುಬಿಡುತ್ತಿದ್ದ. ಅನ್ನಲಾಗದ ಒಂದೇ ದಿನವನ್ನು ಆರಿಸಿ ಕೊಟ್ಟವಳು ಅವಳೇ.

ಇಂಜಿನಿಯರು ಪೆನ್ನು ಹಿಡಿದೇ ನಿಂತಿದ್ದರು. ಮುಚ್ಚಳ ಹಾಕುವುದರೊಳಗೆ ಏನಾದರೂ ಹೇಳಬೇಕಿತ್ತು. ಅವಳಿಗೆ ಕೆರೆ ಕಣ್ಣ ಮುಂದೆ ಬಂತು, ತಟ್ಟೆಯಲ್ಲಿ ತಲೆ ಎತ್ತಿದ ಹುಳಗಳು ಕಂಡವು. ತಮ್ಮನ ಕಡೆ ನೋಡದೆ, "ನಮ್ದು ಸಾಮಿ," ಎಂದಳು. "ಹೊಂಗೇದೊಡ್ಡಿದು. ನಮ್ದೇ ಅಂತ ಬರ್ಕೊಳಿ."

ಮುನಿವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಇಂಜಿನಿಯರು ಅವಳನ್ನೂ ಗಡಿಕಲ್ಲನ್ನೂ ನೋಡಿ, ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. "ಚರಂಡಿ ಅಂದಿದ್ರೆ ನಾನೇ ಮುಗಿಸ್ತಿದ್ದೆ ತಾಯಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕಡೆಯವರು ಕೊಟ್ಟಿದೀವಿ ಅಂತಾರೆ, ಆ ಕಡೆಯವರು ನಮ್ಮದು ಅಂತೀರಿ. ಎರಡು ರಾಜ್ಯದ ನಡುವಿನ ನೀರಿನ ವಿಷಯ ಆಯ್ತು ಇದು. ನಾನಾಗ್ಲಿ ಇವರಾಗ್ಲಿ ಇದರ ಮೇಲೆ ಒಂದಕ್ಷರ ಬರೆಯಂಗಿಲ್ಲ. ಕಮಿಟಿಗೆ ಹೋಗಬೇಕು."

ಕನ್ನಡಕದ ಆಫೀಸರು ಇಂಗ್ಲಿಷಿನಲ್ಲಿ ಏನೇನೋ ಹೇಳಿ ನೋಡಿದ. ಅವರು ತಲೆ ಆಡಿಸಿದರು. "ಕಮಿಟಿ ಯಾವಾಗ ಕೂರ್ತದೆ ಸಾರ್?" ಎಂದು ಅಕ್ಕಯಮ್ಮ ಕೇಳಿದಳು. ಇಂಜಿನಿಯರು ನಕ್ಷೆಯ ಮೇಲಿನ ಕಲ್ಲು ಎತ್ತಿ ಪಕ್ಕಕ್ಕಿಟ್ಟರು.

"ಅಲ್ಲಿವರೆಗೆ ರಸ್ತೆ ನಿಲ್ಲಿಸ್ತೀರಾ?"

"ರಸ್ತೆ ಎರಡೂ ಕಡೆ ಮಂಜೂರಾಗಿರೋದಮ್ಮ," ಎಂದ ಆಫೀಸರು, ತಮಿಳಿನಲ್ಲಿ, ತಲೆ ತಗ್ಗಿಸಿ. ನಕ್ಷೆಗಳನ್ನು ಅವರವರದು ಅವರವರು ಸುತ್ತಿಕೊಂಡರು. ಜೀಪುಗಳು ಬಂದ ದಾರಿಯಲ್ಲೇ ಹೋದವು.

ಪ್ರತಿ ವರ್ಷ ಬಾಗಿನ ಮುಗಿದ ಮೇಲೆ ಕದಿರಪ್ಪ ಅಕ್ಕನನ್ನು ಊಟಕ್ಕೆ ಕರೆಯುತ್ತಿದ್ದ. ಕಡುಬು ಮಾಡಿಸಿರುತ್ತಿದ್ದ. ಈ ಸಲ ಗುದ್ದಲಿಯ ಮಣ್ಣನ್ನು ಕಾಲಿನಿಂದ ಕೆರೆದು, ಹೆಗಲಿಗೇರಿಸಿದ. ಅಂಜಿನಿಯ ತಲೆ ಸವರಿದ. "ಬತ್ತೀನಕ್ಕ," ಎಂದ. ಅಷ್ಟೇ. ಏರು ಹತ್ತುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಅಕ್ಕಯಮ್ಮನಿಗೆ ಸಮಾಧಾನ ಮಾಡಲು ಬರುತ್ತಿತ್ತು. ಅವನು ನೊಂದುಕೊಂಡಿದ್ದ, ಅದಕ್ಕೆ ಏನು ಹೇಳಬೇಕೋ ಅವಳಿಗೆ ತೋಚಲಿಲ್ಲ.

ಉಳಿದ ಹೆಂಗಸರು ಮುನಿವೆಂಕಟಮ್ಮನ ಹಿಂದೆ ಊರಿಗೆ ಹೊರಟರು. ಅಕ್ಕಯಮ್ಮ ಕಾಲುವೆಯ ದಂಡೆಯ ಮೇಲೆ ಕೂತಳು. ಮಡಿಲ ಅಕ್ಕಿ ಭಾರವಾಗಿತ್ತು. ಅದನ್ನು ಮೊರಕ್ಕೆ ಸುರಿಯಲೂ ಆಗದೆ, ಎದ್ದು ಹೋಗಲೂ ಆಗದೆ ಹಾಗೇ ಇಟ್ಟುಕೊಂಡಿದ್ದಳು. ಆಗ ತಾನೆ ತೆಗೆದ ಕಾಲುವೆಯ ಮಣ್ಣು ಹಸಿಯಾಗಿ ಮಿನುಗುತ್ತಿತ್ತು. ಮೇಸ್ತ್ರಿ ದೂರದಿಂದ ಒಮ್ಮೆ ಅವಳ ಕಡೆ ನೋಡಿ, ಕೈ ಮುಗಿದ ಹಾಗೆ ಮಾಡಿ, ರೋಲರಿನವನಿಗೆ ಸನ್ನೆ ಮಾಡಿದ. ಲಾರಿಯೊಂದು ಹಿಂದಕ್ಕೆ ಬಂದು ಮಣ್ಣು ಸುರಿಯಿತು. ಮೊದಲ ಹೆಂಟೆಗಳು ಉರುಳಿ ಕಾಲುವೆಯ ತಳಕ್ಕೆ ಬಿದ್ದವು.

ಅಂಜಿನಿ ಅಮ್ಮನ ಪಕ್ಕ ಕೂತಳು. ಒಂದು ಜಡೆ ಬಿಚ್ಚಿಹೋಗಿತ್ತು. ಅಕ್ಕಯಮ್ಮ ಅಭ್ಯಾಸದಿಂದ ಅದನ್ನು ಕೈಗೆ ತೆಗೆದುಕೊಂಡು ಮತ್ತೆ ಹೆಣೆಯತೊಡಗಿದಳು. ಮಗಳು ಕತ್ತು ಆಡಿಸದೆ ಮೇಲಿನ ಏರನ್ನು ನೋಡಿದಳು, ಅಲ್ಲಿ ಮಾವ ಚಿಕ್ಕದಾಗುತ್ತಾ ಹೋಗುತ್ತಿದ್ದ. ಆಮೇಲೆ ಕೆಳಗಿನ ಕೆರೆಯನ್ನು ನೋಡಿದಳು. ಇಷ್ಟು ವರ್ಷ ನುಂಗಿ ನುಂಗಿ ಇಟ್ಟುಕೊಂಡದ್ದನ್ನು ಈಗ ತಡೆಯುವವರು ಯಾರೂ ಇರಲಿಲ್ಲ, ಅಜ್ಜಿಯೂ ಇಲ್ಲ, ಬೆಲ್ಲವೂ ಇಲ್ಲ.

"ಅಮ್ಮ," ಎಂದಳು ಅಂಜಿನಿ, ಲಾರಿಯ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ, "ಇಬ್ರದೂ ಅಂತ ಬರ್ಯಕ್ಕೆ ಆಗಕಿಲ್ವಾ?"